ಪಾದ್ರಿಯ ಕಾಲಿಗೆ ಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ. ರೇಡಿಯೋದಲ್ಲಿ ಚಿತ್ರ ತೋರಿಸೋಕೆ ಆಗಲ್ಲ, ಅಲ್ವಾ? ಅದಕ್ಕೇ ಒಂದು ನಿಮಿಷ ಸುಮ್ನೆ ಕಣ್ಣು ಮುಚ್ಚಿಕೊಳ್ಳಿ.

ಕಪ್ಪು ನಿಲುವಂಗಿ ತೊಟ್ಟ ಒಬ್ಬ ಪಾದ್ರಿ ನಿಂತಿದ್ದಾರೆ. ಅವರ ಕಾಲಿಗೆ ಕಬ್ಬಿಣದ ಬೇಡಿ ಹಾಕುತ್ತಿದ್ದಾರೆ. ಈವರೆಗೆ ಆ ಬೇಡಿ ಹೊತ್ತಿದ್ದ ಕೈದಿ ಅರೆಬೆತ್ತಲೆಯಾಗಿ ಪಕ್ಕದಲ್ಲೇ ಇದ್ದಾನೆ. ಅವನಿಗೆ ಬಿಡುಗಡೆ, ಅವನ ಜಾಗಕ್ಕೆ ಈ ಪಾದ್ರಿ.

ಅವರು ಸಂತ ವಿನ್ಸೆಂಟ್ ಡಿ ಪಾಲ್. ಚಿತ್ರ ಬರೆದವರು ಫ್ರಾನ್ಸಿನ ಲಿಯೋನ್ ಬೊನ್ನಾ, 1865ರಲ್ಲಿ. ಅದು ಈಗಲೂ ಪ್ಯಾರಿಸ್ಸಿನ ಸೇಂಟ್ ನಿಕೊಲಾ ದೆ ಷಾಂ ಚರ್ಚಿನಲ್ಲಿದೆ.

ಆ ಕೈದಿ ಗ್ಯಾಲಿಯಲ್ಲಿ ದುಡಿಯುವ ಶಿಕ್ಷೆಗೊಳಗಾದವನು. ಆ ಬೇಡಿಯ ಭಾರ ತಿಳಿಯಬೇಕಾದರೆ ಗ್ಯಾಲಿ ಅಂದರೆ ಏನು ಅಂತ ಗೊತ್ತಿರಬೇಕು. ಉದ್ದನೆಯ ಯುದ್ಧದ ಹಡಗು, ಗಾಳಿ ಇಲ್ಲದಾಗ ಹುಟ್ಟು ಹಾಕಿಯೇ ಮುಂದೆ ಹೋಗಬೇಕು, ಒಂದೊಂದು ಹುಟ್ಟಿಗೆ ಐದೈದು ಜನ, ಅವರಲ್ಲಿ ಹೆಚ್ಚಿನವರು ಶಿಕ್ಷೆಗೊಳಗಾದ ಕೈದಿಗಳು, ಕೂತ ಹಲಗೆಗೇ ಸರಪಳಿ, ಊಟ ನಿದ್ದೆ ಎಲ್ಲ ಅಲ್ಲೇ. 1619ರಲ್ಲಿ ರಾಜ 13ನೇ ಲೂಯಿ ಈ ಹಡಗುಗಳಿಗೆಲ್ಲ ಮುಖ್ಯ ಪಾದ್ರಿಯಾಗಿ ವಿನ್ಸೆಂಟರನ್ನು ನೇಮಿಸಿದ. ಅವರು ಹುಟ್ಟಿದ್ದು 1581ರಲ್ಲಿ, ಫ್ರಾನ್ಸಿನ ತೆಂಕಣ ಮೂಲೆಯ ಒಂದು ರೈತರ ಮನೆಯಲ್ಲಿ. ಮೈಮುರಿದು ದುಡಿಯುವವರ ಪಾಡು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಹಾಗಾದರೆ ಅವರು ನಿಜವಾಗಿ ಬೇಡಿ ತೊಟ್ಟರೇ? ಇತಿಹಾಸಕಾರರು ನಂಬುವುದಿಲ್ಲ. ಆದರೆ ಕತೆ ಹಳೆಯದು. ವಯಸ್ಸಾದಂತೆ ವಿನ್ಸೆಂಟರ ಕಾಲು ಊದಿಕೊಳ್ಳುತ್ತಿತ್ತು, ನಡೆಯಲಾಗುತ್ತಿರಲಿಲ್ಲ. ಅದು ಆ ಸರಪಳಿಯಿಂದಲೇ ಬಂದದ್ದು ಅಂತ ಜನ ಮಾತಾಡಿಕೊಂಡರು. ನನಗೆ ಈ ಮಾತು ಬಹಳ ಇಷ್ಟ. ಒಬ್ಬ ಮುದುಕರ ಕಾಲುನೋವಿಗೂ ಬೇರೆಯವರ ಕಷ್ಟವೇ ಕಾರಣ ಅಂತ ಜನಕ್ಕೆ ಅನ್ನಿಸಬೇಕಾದರೆ, ಅವರು ಹೇಗೆ ಬದುಕಿರಬೇಕು!

ಬೊನ್ನಾ ಬೆಳೆದದ್ದು ಮ್ಯಾಡ್ರಿಡ್‌ನಲ್ಲಿ. ಅಪ್ಪನ ಪುಸ್ತಕದಂಗಡಿ ಅಲ್ಲಿತ್ತು. ಹುಡುಗ ಪ್ರಾಡೊ ಸಂಗ್ರಹಾಲಯದಲ್ಲಿ ರಿಬೇರಾ, ವೆಲಾಸ್ಕೆಸ್‌ರ ಚಿತ್ರ ನೋಡುತ್ತಾ ಕಲಿತ. ಸ್ಪೇನಿನ ಆ ಚಿತ್ರಕಾರರು ಸಂತರಿಗೂ ಮಾಸಿದ ಚರ್ಮ, ಉಬ್ಬಿದ ನರ ಬರೆದವರು. ಬೊನ್ನಾ ಕಾಲದ ಅಕಾಡೆಮಿ ಶೈಲಿಯ, ಅಂದರೆ ಕಲಾಶಾಲೆಗಳು ಕಲಿಸುತ್ತಿದ್ದ ರೀತಿಯ, ಚಿತ್ರಗಳೆಂದರೆ ಬರೀ ನಯ, ನಾಜೂಕು ಅಂತ ದೂರುವವರು ಜಾಸ್ತಿ. ಇಲ್ಲಿ ಆ ಕೈದಿಯ ಮೈ ನೋಡಿದರೆ ಹಾಗನ್ನಲು ಬಾಯಿ ಬರಲ್ಲ. ಮಾಂಸಕ್ಕೆ ತೂಕವಿದೆ, ಕಬ್ಬಿಣಕ್ಕೂ ತೂಕವಿದೆ.

ಬೊನ್ನಾ ಹುಟ್ಟಿದ 1833ರಲ್ಲೇ ಪ್ಯಾರಿಸ್ಸಿನಲ್ಲಿ ಫ್ರೆಡೆರಿಕ್ ಓಝನಾಂ ಎಂಬ ವಿದ್ಯಾರ್ಥಿ ಮತ್ತವರ ಗೆಳೆಯರು ಬಡವರ ಮನೆಮನೆಗೆ ಹೋಗಲು ಒಂದು ಸಂಘ ಕಟ್ಟಿದರು. ಅದಕ್ಕೆ ಸೇರಿಕೊಂಡ ಹೆಸರು ಇದೇ ಸಂತರದು. ಮಂಗಳೂರು ಕಡೆಯ ಚರ್ಚುಗಳಿಗೆ ಹೋಗುವವರಿಗೆ ಸೇಂಟ್ ವಿನ್ಸೆಂಟ್ ಡಿ ಪಾಲ್ ಸೊಸೈಟಿ ಹೊಸದೇನಲ್ಲ. ಅದರ ಸದಸ್ಯರು ಇವತ್ತಿಗೂ ಬಡವರ ಮನೆ ಬಾಗಿಲಿಗೆ ನಡೆದೇ ಹೋಗುತ್ತಾರೆ.

ಪ್ಯಾರಿಸ್ಸಿಗೆ ಹೋದರೆ ಆ ಚರ್ಚಿನ ಒಳಗೊಮ್ಮೆ ಹೋಗಿ ಬನ್ನಿ. ಮುಖ ಆಮೇಲೆ ನೋಡಿ. ಮೊದಲು ಕಾಲು.