ಮಿಲ್ಫರ್ಡ್‌ಗೆ ಹೋಗುವ ದಾರಿ

ಕೇಳುಗರೆ, ನಮಸ್ಕಾರ.

ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ದೊಡ್ಡದೊಂದು ಸರೋವರದ ದಂಡೆಯ ಮೇಲೆ ಟೆ ಅನೌ ಎಂಬ ಸಣ್ಣ ಊರಿದೆ. ಅಲ್ಲಿಂದ ಮಿಲ್ಫರ್ಡ್ ಸೌಂಡ್ ಎಂಬ ಕಡಲ ಕೊಲ್ಲಿಗೆ ಸುಮಾರು 120 ಕಿಲೋಮೀಟರ್. ಕಾರಿನಲ್ಲಿ ಹೋಗಲು ಇರುವುದು ಒಂದೇ ರಸ್ತೆ, ಮರಳುವುದೂ ಅದರಲ್ಲೇ. ನಮ್ಮಲ್ಲಿಯಂತೆ ಅಲ್ಲಿಯೂ ವಾಹನಗಳು ಎಡಬದಿಯಲ್ಲೇ ಓಡುವುದರಿಂದ ನಮ್ಮವರು ಬಾಡಿಗೆ ಕಾರು ಹಿಡಿದು ಧೈರ್ಯವಾಗಿ ಹೊರಡಬಹುದು. ಪೆಟ್ರೋಲನ್ನು ಮಾತ್ರ ಟೆ ಅನೌನಲ್ಲೇ ತುಂಬಿಸಿಕೊಳ್ಳಿ.

ಮೊದಲು ಎಗ್ಲಿಂಟನ್ ಕಣಿವೆಯ ಹೊಂಬಣ್ಣದ ಹುಲ್ಲುಬಯಲು ಸಿಗುತ್ತದೆ, ಆಮೇಲೆ ಬೀಚ್ ಎಂಬ ಜಾತಿಯ ಮರಗಳ ಕಾಡು. ಏರುತ್ತ ಹೋದಂತೆ ಕಾಡು ಹಿಂದುಳಿದು, ಎದುರಿಗೆ ಕಡಿದಾದ ಬಂಡೆಯ ಗೋಡೆ ಎದ್ದು ನಿಲ್ಲುತ್ತದೆ. ಅದರ ಬುಡದಲ್ಲಿ ಒಂದು ಕಿಂಡಿ. ಅದೇ ಹೋಮರ್ ಸುರಂಗ. ನಾನು ಇಂದು ಮುಖ್ಯವಾಗಿ ಹೇಳಬೇಕೆಂದಿರುವುದು ಅದರ ಬಗ್ಗೆಯೇ.

1935ರಲ್ಲಿ, ಆರ್ಥಿಕ ಮುಗ್ಗಟ್ಟಿನ ಕಾಲದಲ್ಲಿ, ಐದು ಮಂದಿ ಪಿಕಾಸಿ, ತಳ್ಳುಗಾಡಿ ಹಿಡಿದು ಇಲ್ಲಿ ಕೆಲಸ ಶುರುಮಾಡಿದರು. ವಾಸ ಗುಡಾರಗಳಲ್ಲಿ. ವರ್ಷದ ಅರ್ಧ ಭಾಗ ಅಲ್ಲಿಗೆ ನೇರ ಬಿಸಿಲೇ ಬೀಳದು. ಸುರಂಗ ಸಮುದ್ರದ ಕಡೆಗೆ ಇಳಿಜಾರಾಗಿ ಸಾಗುತ್ತದೆ. ಹಾಗಾಗಿ ಬಂಡೆಯ ಬಿರುಕುಗಳಿಂದ ಸುರಿಯುವ ಹಿಮದ ನೀರು ಅಗೆಯುವವರ ಕಾಲಬುಡಕ್ಕೇ ಹರಿದು ಬರುತ್ತಿತ್ತು. ಬೆಟ್ಟದಿಂದ ಹಿಮರಾಶಿ ಜರಿದು ಮೂವರು ಪ್ರಾಣ ಕಳೆದುಕೊಂಡರು. ನಡುವೆ ಮಹಾಯುದ್ಧ ಬಂದು ಕೆಲಸ ನಿಂತಿತು. ಸುರಂಗ ಸಂಚಾರಕ್ಕೆ ತೆರೆದದ್ದು 1954ರಲ್ಲಿ. ಸುಮಾರು 1.2 ಕಿಲೋಮೀಟರ್ ಉದ್ದಕ್ಕೆ ಹತ್ತೊಂಬತ್ತು ವರ್ಷ! ನಾವಿಂದು ಅದನ್ನು ಮೂರು ನಿಮಿಷದಲ್ಲಿ ದಾಟುತ್ತೇವೆ. ಒಳಗೆ ಹೋದಾಗ ಕಿಟಕಿಯ ಗಾಜು ಇಳಿಸಿ ಗೋಡೆಗಳನ್ನು ನೋಡಿ. ಕಡಿದ ಕಲ್ಲು ಒರಟಾಗಿ ಹಾಗೆಯೇ ಉಳಿದಿದೆ, ನೀರು ಇಂದಿಗೂ ಜಿನುಗುತ್ತಿದೆ.

ಆಚೆ ಬದಿಯಲ್ಲಿ ಸುರುಳಿ ಸುರುಳಿಯಾಗಿ ಇಳಿದರೆ ಸಮುದ್ರ. ಸೌಂಡ್ ಎಂದರೆ ನದಿ ಕೊರೆದ ಕಣಿವೆಗೆ ಕಡಲು ನುಗ್ಗಿ ಆದ ಕೊಲ್ಲಿ. ಹೆಸರು ಹಾಗಿದ್ದರೂ ಇದು ನಿಜವಾಗಿ ಫ್ಯೋರ್ಡ್: ಹಿಮನದಿ ಕೊರೆದ ಆಳವಾದ ಕಣಿವೆಗೆ ಕಡಲು ನುಗ್ಗಿ ಆದದ್ದು. ನೀರಿನಿಂದ ನೇರವಾಗಿ ಎದ್ದ ಮೈಟರ್ ಶಿಖರದ ಎತ್ತರ ಸುಮಾರು 1,700 ಮೀಟರ್. ಇಲ್ಲಿ ವರ್ಷಕ್ಕೆ ಆರು ಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಮಳೆ ಬಂತೆಂದು ಬೇಸರಪಡುವವರು ತುಂಬ ಮಂದಿ, ಆದರೆ ನನ್ನ ಮಟ್ಟಿಗೆ ಮಳೆಯ ದಿನವೇ ಮಿಲ್ಫರ್ಡಿನ ದಿನ. ಆಗ ಪ್ರತಿಯೊಂದು ಬಂಡೆಯ ಮೈಮೇಲೂ ನೂರಾರು ಜಲಪಾತಗಳು ಹುಟ್ಟಿಕೊಳ್ಳುತ್ತವೆ, ಮಳೆ ನಿಂತ ಕೆಲವೇ ಗಂಟೆಗಳಲ್ಲಿ ಮಾಯವಾಗುತ್ತವೆ. ಕಾಡಿನ ಎಲೆಕೊಳೆಯ ರಸವನ್ನು ಹೊತ್ತು ತರುವ ಈ ಸಿಹಿನೀರು ಉಪ್ಪುನೀರಿನ ಮೇಲೆ ಕಪ್ಪು ಪದರವಾಗಿ ನಿಂತು ಬೆಳಕನ್ನು ತಡೆಯುತ್ತದೆ. ಆ ಕತ್ತಲನ್ನು ನಂಬಿ, ಸಾಮಾನ್ಯವಾಗಿ ಬಹಳ ಆಳದಲ್ಲಿ ಬದುಕುವ ಕಪ್ಪು ಹವಳ ಇಲ್ಲಿ ಮೇಲ್ಮಟ್ಟಕ್ಕೇ ಬಂದು ಬೆಳೆದಿದೆ.

ನ್ಯೂಜಿಲೆಂಡಿನ ಮೂಲನಿವಾಸಿಗಳಾದ ಮಾವೊರಿ ಜನ ಈ ತಾಣವನ್ನು ಪಿಯೋಪಿಯೋತಾಹಿ ಎನ್ನುತ್ತಾರೆ, ಒಂಟಿ ಪಿಯೋಪಿಯೋ ಎಂದರ್ಥ. ಪಿಯೋಪಿಯೋ ಒಂದು ಹಾಡುಹಕ್ಕಿ. ಆ ಹಕ್ಕಿ ಈಗ ಭೂಮಿಯ ಮೇಲೆಲ್ಲೂ ಇಲ್ಲ. ಮರಳುವಾಗ ಸುರಂಗದ ಬಾಯಲ್ಲಿ ಹಸಿರು ದೀಪಕ್ಕೆ ಕಾಯುತ್ತ ನಿಂತರೆ, ಕೀಆ ಎಂಬ ಬೆಟ್ಟದ ಗಿಳಿ ಬಂದು ಕಾರಿನ ರಬ್ಬರನ್ನು ಕುಕ್ಕಬಹುದು. ಅದಕ್ಕೆ ಏನನ್ನೂ ತಿನ್ನಲು ಕೊಡಬೇಡಿ. ಅದರ ಸಂತತಿಯೂ ಈಗ ಅಪಾಯದಲ್ಲಿದೆ.

ನಮಸ್ಕಾರ.