ಒಂದು ಉದಾಹರಣೆ ಸಾಲದು

ನಮಸ್ಕಾರ. ಮೈಸೂರು, ಮಂಡ್ಯ ಕಡೆಯ ಪ್ರೌಢಶಾಲೆ ಮೇಷ್ಟ್ರುಗಳೇ, ಮೇಡಂಗಳೇ, ಸಂಜೆ ಮಕ್ಕಳನ್ನು ಓದಲು ಕೂರಿಸುವ ಅಪ್ಪ ಅಮ್ಮಂದಿರೇ, ಇವತ್ತು ಹೇಳಬೇಕಾದ್ದು ಒಂದೇ ಮಾತು. ಒಂದು ಉದಾಹರಣೆ ಸಾಲದು, ಎರಡು ಕೊಡಿ.

ಒಂದು ಒಗಟು ಕೇಳಿ. ಹೊಟ್ಟೆಯೊಳಗೆ ಗೆಡ್ಡೆ. ಆಪರೇಷನ್ ಮಾಡುವಂತಿಲ್ಲ. ಜೋರಾದ ಕಿರಣ ಬಿಟ್ಟರೆ ಗೆಡ್ಡೆ ನಾಶವಾಗುತ್ತದೆ, ದಾರಿಯಲ್ಲಿರುವ ಒಳ್ಳೆಯ ಮಾಂಸವೂ ಸುಡುತ್ತದೆ. ಮೆಲ್ಲಗೆ ಬಿಟ್ಟರೆ ಎರಡಕ್ಕೂ ಏನೂ ಆಗುವುದಿಲ್ಲ. ಏನು ಮಾಡುತ್ತೀರಿ? ಮನಶ್ಶಾಸ್ತ್ರಜ್ಞ ಕಾರ್ಲ್ ಡಂಕರ್ ಕಟ್ಟಿದ ಒಗಟು ಇದು. ಮೇರಿ ಗಿಕ್, ಕೀತ್ ಹೋಲಿಯೋಕ್ ಎಂಬಿಬ್ಬರು 1980ರಲ್ಲಿ ಇದನ್ನು ಕಾಲೇಜು ವಿದ್ಯಾರ್ಥಿಗಳಿಗೆ ಕೊಟ್ಟರು. ಮೊದಲು ಒಂದು ಕತೆ ಓದಿಸಿದರು. ಒಂದು ಕೋಟೆ, ನಮ್ಮ ಶ್ರೀರಂಗಪಟ್ಟಣದಂಥದ್ದು ಅಂತಲೇ ಇಟ್ಟುಕೊಳ್ಳಿ. ಕೋಟೆಗೆ ಹಲವು ದಾರಿ, ಎಲ್ಲ ದಾರಿಯಲ್ಲೂ ಸಿಡಿಮದ್ದು ಹೂತಿದೆ. ನಾಲ್ಕು ಜನ ನಡೆದರೆ ಸಿಡಿಯುವುದಿಲ್ಲ, ದಂಡೇ ನಡೆದರೆ ಸಿಡಿಯುತ್ತದೆ. ಸೇನಾಪತಿ ದಂಡನ್ನು ಒಡೆದು ದಾರಿಗೊಂದು ಗುಂಪು ಕಳಿಸಿದ. ಎಲ್ಲರೂ ಒಂದೇ ಹೊತ್ತಿಗೆ ಮುಟ್ಟಿದರು, ಕೋಟೆ ಬಿತ್ತು. ಉತ್ತರ ಕೈಯಲ್ಲೇ ಇದೆ ನೋಡಿ: ಸಣ್ಣ ಕಿರಣಗಳನ್ನು ಹಲವು ಕಡೆಯಿಂದ ಬಿಡಿ, ಗೆಡ್ಡೆಯ ಹತ್ತಿರ ಸೇರಲಿ. ಆದರೂ ಕತೆ ಓದಿ ತಾವಾಗಿ ಉತ್ತರ ಹೊಳೆದದ್ದು ಸುಮಾರು ಹತ್ತರಲ್ಲಿ ಮೂವರಿಗೆ. ಉಳಿದವರ ತಲೆಯಲ್ಲಿ ಕೋಟೆ ಉಳಿಯಿತು, ಉಪಾಯ ಉಳಿಯಲಿಲ್ಲ. 1983ರಲ್ಲಿ ಅವರೇ ಎರಡು ಬೇರೆ ಬೇರೆ ಕತೆ ಕೊಟ್ಟು, ಒಂದಕ್ಕೊಂದು ಹೋಲಿಸಿ ಎಂದಾಗ ಹೊಳೆದವರು ಹೆಚ್ಚಾದರು. ಎರಡು ಕತೆ, ಗಮನಿಸಿ.

ಹೊತ್ತು ಓಡುತ್ತಿದೆ, ತರಗತಿಗೆ ಬರೋಣ. ವಿಜ್ಞಾನದಲ್ಲಿ ಒತ್ತಡದ ಪಾಠ. ಮೇಷ್ಟ್ರು ಕಬ್ಬು ಕಡಿಯುವ ಮಚ್ಚಿನ ಉದಾಹರಣೆ ಕೊಡುತ್ತಾರೆ, ಅಲ್ಲಿಗೇ ಮುಗಿಸುತ್ತಾರೆ. ‘ಒತ್ತಡ ಅಂದರೆ ಚೂಪು’ ಎಂದು ಕಲಿತು ಮಗು ಮನೆಗೆ ಹೋಗುತ್ತದೆ. ತಪ್ಪು ಮಗುವಿನದಲ್ಲ. ಮಚ್ಚಿನ ಪಕ್ಕದಲ್ಲೇ ಕೆಸರುಗದ್ದೆ ತನ್ನಿ. 60 ಕಿಲೋ ತೂಕದ ಆಳು, ಅಂದರೆ ಸುಮಾರು 600 ನ್ಯೂಟನ್ ಬಲ. ಎರಡು ಪಾದ ಸೇರಿ 300 ಚದರ ಸೆಂಟಿಮೀಟರ್ ಎಂದುಕೊಳ್ಳಿ. ಚದರ ಸೆಂಟಿಮೀಟರಿಗೆ 2 ನ್ಯೂಟನ್ ಬಿತ್ತು, ಕಾಲು ಹೂತುಕೊಂಡಿತು. 3000 ಚದರ ಸೆಂಟಿಮೀಟರಿನ ಹಲಗೆ ಹಾಕಿ ನಿಂತರೆ ಬರೀ 0.2. ಮಚ್ಚಿಗೂ ಹಲಗೆಗೂ ಏನು ನಂಟು? ಮಕ್ಕಳೇ ಒಂದು ಸಾಲು ಬರೆಯಲಿ. ನಮ್ಮ ಮೇಷ್ಟ್ರುಗಳಿಗೆ ಇದೇ ಕಷ್ಟ, ಅರ್ಧ ನಿಮಿಷಕ್ಕೇ ಉತ್ತರ ಹೇಳಿಬಿಡುತ್ತಾರೆ. ದಯವಿಟ್ಟು ಐದು ನಿಮಿಷ ಬಾಯಿ ಬಿಗಿಹಿಡಿಯಿರಿ. ಬಲವನ್ನು ವಿಸ್ತೀರ್ಣದಿಂದ ಭಾಗಿಸಿದರೆ ಒತ್ತಡ ಎಂಬ ಸೂತ್ರ ಆಮೇಲೆ ಬೋರ್ಡಿಗೆ ಬರಲಿ.

ಅದೇ ಚೂಪು ಮಚ್ಚನ್ನು ಜಲ್ಲೆಯ ಮೇಲೆ ಸುಮ್ಮನೆ ಇಟ್ಟರೆ ಯಾಕೆ ಕತ್ತರಿಸುವುದಿಲ್ಲ ಎಂದೂ ಕೇಳಿ. ‘ಬಲ ಸಾಲದು’ ಎಂದರೆ ಮುಂದಿನ ಪಾಠಕ್ಕೆ ಹೋಗಿ. ‘ಮಚ್ಚು ಮೊಂಡಾಗಿರಬೇಕು’ ಎಂದರೆ ಮೂರನೆಯ ಉದಾಹರಣೆ ತೆಗೆಯಿರಿ, ಅವರ ಹೆಗಲ ಮೇಲೆಯೇ ಇದೆ: ಶಾಲೆ ಬ್ಯಾಗಿನ ಪಟ್ಟಿ. ಪಟ್ಟಿ ಅದೇ, ಬ್ಯಾಗಿನ ಭಾರ ಹೆಚ್ಚಾದರೆ ಹೆಗಲಿಗೆ ಹೆಚ್ಚು ಒತ್ತುತ್ತದೆ.