ಅತ್ತೆಯ ಮೊಣಕಾಲಿಗೆ ಉತಾರವಿಲ್ಲ

ಇದು ಗದಗಿನಲ್ಲಿರುವ ನನ್ನ ಸೋದರತ್ತೆಯ ಎಕ್ಸ್‌ರೇ. ಬೆಳ್ಳಗೆ ಕಾಣುವುದು ಹನ್ನೊಂದು ವರ್ಷದ ಹಿಂದೆ ಕೂರಿಸಿದ ಲೋಹದ ಮೊಣಕಾಲು. ಅದರ ಅಂಚಿಗೆ, ಗೋಡೆಗೆ ಗೆದ್ದಲು ಹತ್ತಿದಂತೆ ಒಂದು ಕಪ್ಪು ಗೆರೆ ಇದೆಯಲ್ಲ, ಅಲ್ಲಿ ಮೂಳೆ ಕರಗಿದೆ. ಸೋಂಕಾಗಿಲ್ಲ, ಅತ್ತೆ ಬಿದ್ದದ್ದೂ ಇಲ್ಲ.

ಹಾಗಾದರೆ ಮೂಳೆ ತಿಂದವರು ಯಾರು? ಹೊಸದಾಗಿ ಕೊರೆಸಿದ ಬೀಸುವ ಕಲ್ಲಿನಲ್ಲಿ ಜೋಳ ಬೀಸಿದರೆ ಹಿಟ್ಟಿನಲ್ಲಿ ಹರಳು ಬರುತ್ತದೆ. ಮೊದಲ ಹಿಟ್ಟನ್ನು ಎಮ್ಮೆಗೆ ಹಾಕಿದರೆ ಮುಗಿಯಿತು. ಕೃತಕ ಕೀಲಿನಲ್ಲಿ ಲೋಹದ ಎರಡು ಭಾಗಗಳ ನಡುವೆ ಪಾಲಿಎಥಿಲೀನ್ ಎಂಬ ಪ್ಲಾಸ್ಟಿಕ್ ಬಿಲ್ಲೆ ಇರುತ್ತದೆ. ನಡೆದಂತೆಲ್ಲ ಅದು ಸವೆದು ಕಣ್ಣಿಗೆ ಕಾಣದ ಪುಡಿ ಉದುರುತ್ತದೆ. ಅದನ್ನು ಯಾವ ಎಮ್ಮೆಗೆ ಹಾಕುವುದು? ದೇಹದ ಕಾವಲು ಕೋಶಗಳು ನುಂಗುತ್ತವೆ, ಅರಗಿಸಲಾರವು. ಕೆರಳಿದ ಅವು ಮೂಳೆ ಕರಗಿಸುವ ಕೋಶಗಳನ್ನು ಎಬ್ಬಿಸುತ್ತವೆ. ವರ್ಷಗಟ್ಟಲೆ ನೋವೇ ಇರುವುದಿಲ್ಲ. "ಚೆನ್ನಾಗಿ ನಡೆಯುತ್ತಿದ್ದೇನೆ, ಎಕ್ಸ್‌ರೇ ಏಕೆ?" ಎಂದು ಅತ್ತೆ ಕೇಳುತ್ತಿದ್ದುದು ಅದಕ್ಕೇ.

ಲೋಹಕ್ಕೆ ಲೋಹವೇ ತಿಕ್ಕುವ ಸೊಂಟದ ಕೀಲುಗಳ ಕಥೆ ಇನ್ನೂ ಕೆಟ್ಟದ್ದು. ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರಿ, ಕೆಲವರಲ್ಲಿ ಸುತ್ತಲಿನ ಮಾಂಸ ಸತ್ತು ಗಡ್ಡೆಯಂತೆ ಊದಿಕೊಂಡಿತು. ಡಿಪ್ಯೂ ಕಂಪನಿ ಎಎಸ್‌ಆರ್ ಎಂಬ ಅಂಥದೊಂದು ಕೀಲನ್ನು 2010ರಲ್ಲಿ ಜಗತ್ತಿನಾದ್ಯಂತ ಹಿಂಪಡೆಯಿತು. ಭಾರತದಲ್ಲಿ ಅದನ್ನು ಹಾಕಿಸಿಕೊಂಡ ಬಹಳ ಜನ ಪತ್ತೆಯೇ ಆಗಲಿಲ್ಲ.

ಆಪರೇಷನ್ ಬೇಡ ಎನ್ನುವವನು ನಾನಲ್ಲ. ವಿದೇಶಗಳಲ್ಲಿ ಇಟ್ಟಿರುವ ಕೃತಕ ಕೀಲುಗಳ ನೋಂದಣಿ ದಾಖಲೆಗಳ ಪ್ರಕಾರ ಹತ್ತರಲ್ಲಿ ಎಂಟು ಕೃತಕ ಮೊಣಕಾಲುಗಳು 25 ವರ್ಷ ಬಾಳುತ್ತವೆ. ಗೋಡೆ ಹಿಡಿದು ಬಚ್ಚಲಿಗೆ ಹೋಗುತ್ತಿದ್ದ ಅತ್ತೆ ಆಮೇಲೆ ವೀರನಾರಾಯಣನ ಗುಡಿಗೆ ನಡೆದೇ ಹೋಗಿ ಬರುತ್ತಿದ್ದರು.

ನನ್ನ ಸಿಟ್ಟೆಲ್ಲ ಒಂದು ಚೀಟಿಯ ಮೇಲೆ. ಪ್ರತಿ ಕೀಲಿನ ಪೆಟ್ಟಿಗೆಯಲ್ಲೂ ಕಂಪನಿ, ಅಳತೆ, ಬ್ಯಾಚ್ ಸಂಖ್ಯೆ ಬರೆದ ಸ್ಟಿಕ್ಕರ್ ಇರುತ್ತದೆ. ಲೋಹ ಇನ್ನೂ ಗಟ್ಟಿಯಾಗಿ ಕೂತಿದ್ದರೆ ಪ್ಲಾಸ್ಟಿಕ್ ಬಿಲ್ಲೆಯನ್ನಷ್ಟೇ ಬದಲಿಸಲು ಸಾಧ್ಯವಿದೆ, ಆದರೆ ಅದೇ ಕಂಪನಿಯ, ಅದೇ ಅಳತೆಯದ್ದೇ ಬೇಕು. ಹುಬ್ಬಳ್ಳಿಯಲ್ಲಿ ಈಗ ತೋರಿಸುತ್ತಿರುವ ವೈದ್ಯರು ಮೊದಲು ಕೇಳಿದ್ದೇ ಆ ಸ್ಟಿಕ್ಕರನ್ನು. ಆಪರೇಷನ್ ಮಾಡಿದ ಆಸ್ಪತ್ರೆಯವರು ಹಳೆಯ ಕಡತ ಉಳಿದಿಲ್ಲ ಎಂದು ಕೈಚೆಲ್ಲಿದರು. ನಮಗೆ ಅಂದು ಕೊಟ್ಟ ಡಿಸ್ಚಾರ್ಜ್ ಹಾಳೆಯಲ್ಲಿ "ಬಲ ಮೊಣಕಾಲು, ಕೀಲು ಬದಲಾವಣೆ" ಎಂದಷ್ಟೇ ಇದೆ.

ಮೊನ್ನೆ ಅತ್ತೆಯ ಟ್ರಂಕನ್ನು ನೆಲಕ್ಕೆ ಸುರುವಿ ಹುಡುಕಿದೆವು. ಎರಡು ಎಕರೆ ಹೊಲದ ಉತಾರ, ಅಂದರೆ ಪಹಣಿ, ಸಿಕ್ಕಿತು. ಮಾವ ಕಟ್ಟಿದ ಕಂದಾಯದ ಪಾವತಿಗಳು ದಾರದಲ್ಲಿ ಪೋಣಿಸಿದಂತೆಯೇ ಇದ್ದವು. ಎಂದೋ ಕೆಟ್ಟು ಗುಜರಿಗೆ ಹೋದ ಮಿಕ್ಸರ್‌ನ ವಾರಂಟಿ ಕಾರ್ಡು ಕೂಡ ಇತ್ತು, ಅಂಗಡಿಯ ಮೊಹರಿನ ಸಮೇತ.